ಹೋದ ವರ್ಷದ ಎದೆನೋವು

ಎರಡೂವರೆ ತಿಂಗಳಲ್ಲಿ ನಾಹಿದ್ ಬಾಯಿಬಿಟ್ಟು ಏನನ್ನಾದರೂ ಬೇಕು ಎಂದು ಕೇಳಿದ್ದು ಅದೇ ಮೊದಲು. ಅತ್ತೆ ಶಕೀಲಾ ಅಡುಗೆಮನೆಯ ನೆಲದಲ್ಲಿ ಕೂತು ಬದನೆಕಾಯಿ ಹೆಚ್ಚುತ್ತಿದ್ದಳು. ಸೊಸೆ ಬಾಗಿಲಿಗೆ ಬಂದು ನಿಂತು, ತೇರಹಳ್ಳಿ ಬೆಟ್ಟದ ಮೇಲೆ ಈಗ ಹೂ ಬಂದಿರುತ್ತದೆ, ಯಾರಾದರೂ ಹೋಗಿ ನೋಡಿಕೊಂಡು ಬಂದಿದ್ದರೆ ಚೆನ್ನಾಗಿತ್ತು ಎಂದಳು. ಅಷ್ಟು ಹೇಳಿ ಮತ್ತೆ ಒಳಕೋಣೆಗೆ ಹೋದಳು. ಅತ್ತೆಗೆ ಹೇಳಿದಳೋ ಗೋಡೆಗೆ ಹೇಳಿದಳೋ ಗೊತ್ತಾಗುವಂತಿರಲಿಲ್ಲ. ಆದರೆ ಮನೆಯಲ್ಲಿ ಇದ್ದವರು ಅವರಿಬ್ಬರೇ, ಗೋಡೆಯಂತೂ ಬೆಟ್ಟ ಹತ್ತುವುದಿಲ್ಲ.

ಶಕೀಲಾಳ ಒಬ್ಬನೇ ಮಗ ಸಾದಿಕ್, ಅಂದರೆ ನಾಹಿದ್‌ಳ ಗಂಡ, ಜುಲೈ ತಿಂಗಳಲ್ಲಿ ತೀರಿಕೊಂಡಿದ್ದ. ಮೂವತ್ತನಾಲ್ಕು ವರ್ಷ. ಕೋಲಾರದ ಟೊಮೆಟೊ ಮಾರುಕಟ್ಟೆಯ ಒಂದು ಮಂಡಿಯಲ್ಲಿ ಅವನ ಕೆಲಸ. ಬೆಳಗಿನ ಹರಾಜು ಜೋರಾಗಿ ನಡೆಯುತ್ತಿದ್ದಾಗ ಎದೆ ಹಿಡಿದುಕೊಂಡು ಒಂದು ಟೊಮೆಟೊ ಬಾಕ್ಸಿನ ಮೇಲೆ ಕೂತನಂತೆ, ನೀರು ಕೇಳಿದನಂತೆ. ನೀರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಒಂದು ದಿನ ತಲೆನೋವು ಎಂದು ಮಲಗಿದವನಲ್ಲ. ಇವನಿಗೆ ಯಾಕೆ ಹೀಗಾಯಿತು ಎಂದು ಬಂದವರೆಲ್ಲ ಶಕೀಲಾಳನ್ನು ಕೇಳಿದರು. ಅವಳು ಯಾರಿಗೂ ಉತ್ತರ ಕೊಡಲಿಲ್ಲ. ಉತ್ತರ ತನಗೆ ಗೊತ್ತಿದೆ ಎಂದು ಅವಳು ನಂಬಿದ್ದಳು, ಅದಕ್ಕೇ ಬಾಯಿ ಬಿಡಲಿಲ್ಲ.

ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆಯ ಹೊಸ್ತಿಲು ದಾಟುವಂತಿಲ್ಲ. ಇದ್ದತ್ ಎನ್ನುತ್ತಾರೆ. ಹದಿನಾರು ವರ್ಷದ ಹಿಂದೆ ಗಂಡ ರಹಮತ್ತುಲ್ಲಾ ಹೋದಾಗ ಶಕೀಲಾ ಇದೇ ಒಳಕೋಣೆಯಲ್ಲಿ ಇದೇ ದಿನಗಳನ್ನು ಕಳೆದವಳು. ಈಗ ಅಲ್ಲಿ ಸೊಸೆ, ಕೈಯಲ್ಲಿ ಬಳೆಯಿಲ್ಲದೆ, ಕಿಟಕಿಗೆ ಬೆನ್ನು ಮಾಡಿ ಕೂತಿದ್ದಳು. ಅವಳ ಇದ್ದತ್ ಮುಗಿಯುವುದು ನವೆಂಬರ್ ಕೊನೆಗೆ. ಹೂವಿಗೆ ಇದ್ದತ್ ಗೊತ್ತಿಲ್ಲ. ಮಳೆ ನಿಂತ ಮೇಲೆ ಮೂರು ವಾರ ಅರಳಿ, ಆಮೇಲೆ ಬೆಟ್ಟದ ತುಂಬ ಬರೀ ಒಣಹುಲ್ಲು. ನವೆಂಬರ್ ಮುಗಿದ ಮೇಲೆ ಅಣ್ಣ ಶಾರುಖ್ ಮುಳಬಾಗಿಲಿನಿಂದ ಬಂದು ತಂಗಿಯನ್ನು ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. ಮಕ್ಕಳಿಲ್ಲ, ಇನ್ನೂ ಇಪ್ಪತ್ತೊಂಬತ್ತು ವಯಸ್ಸು, ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅವಳು ಹೋದ ಮೇಲೆ ಶಕೀಲಾ ತನ್ನ ಮನಸ್ಸಿನಲ್ಲಿದ್ದುದನ್ನು ಹೇಳಬೇಕಾದರೆ ನಿಜವಾಗಿಯೂ ಗೋಡೆಗೇ ಹೇಳಬೇಕಿತ್ತು.

ಮನಸ್ಸಿನಲ್ಲಿ ಇದ್ದುದಾದರೂ ಏನು? ಒಂದು ಸುಳ್ಳು. ಸಣ್ಣದು, ಎಲ್ಲ ಅತ್ತೆಯರೂ ಯಾವಾಗಲಾದರೊಮ್ಮೆ ಹೇಳುವಂಥದ್ದು.

ಮದುವೆಯಾದ ವರ್ಷದಿಂದ ಸಾದಿಕ್ ಮತ್ತು ನಾಹಿದ್ ಮಳೆಗಾಲ ಮುಗಿಯುತ್ತಿದ್ದಂತೆ ಒಂದು ಭಾನುವಾರ ಬೆಟ್ಟಕ್ಕೆ ಹೋಗುತ್ತಿದ್ದರು. ಹೂ ನೋಡಲು. ಮೊದಲ ಸಲ ಅದನ್ನು ಕೇಳಿದಾಗ ಶಕೀಲಾಳಿಗೆ ನಗು ಬಂದಿತ್ತು. ಹೂ ನೋಡಬೇಕಾದರೆ ಬಸ್ ಸ್ಟ್ಯಾಂಡಿನ ಹತ್ತಿರ ಮೊಳ ಲೆಕ್ಕದಲ್ಲಿ ಸಿಗುತ್ತದಲ್ಲ ಎಂದಿದ್ದಳು. ಎರಡನೆಯ ವರ್ಷ ಅವರು ಅವಳನ್ನೂ ಕರೆದರು. ನನ್ನ ಮೊಣಕಾಲು ಕೇಳಬೇಕಲ್ಲಪ್ಪ ಎಂದು ಅವಳು ಬರುವುದಿಲ್ಲವೆಂದಳು. ಮತ್ತೊಮ್ಮೆ ಕರೆಯಲಿ ಎಂದು ಕಾದಳು, ಅವರು ಮತ್ತೆ ಕರೆಯಲಿಲ್ಲ. ಸಂಜೆ ಇಬ್ಬರೂ ಮುಖ ಕೆಂಪು ಮಾಡಿಕೊಂಡು, ಬಟ್ಟೆಗೆಲ್ಲ ಹುಲ್ಲಿನ ಮುಳ್ಳು ಅಂಟಿಸಿಕೊಂಡು ಬರುತ್ತಿದ್ದರು. ಊಟಕ್ಕೆ ಕೂತಾಗ ಒಬ್ಬರನ್ನೊಬ್ಬರು ನೋಡಿ ಸುಮ್ಮಸುಮ್ಮನೆ ನಗುತ್ತಿದ್ದರು. ಏನು ಎಂದರೆ ಏನಿಲ್ಲ ಅಮ್ಮಿ ಎನ್ನುತ್ತಿದ್ದರು. ಹದಿನೆಂಟಕ್ಕೇ ತಂದೆ ಹೋದ ಹುಡುಗನನ್ನು ಒಬ್ಬಳೇ ದಡ ಸೇರಿಸಿದ ತಾಯಿಗೆ ಆ ಏನಿಲ್ಲ ಎಂಬ ಮಾತು ಹೊಟ್ಟೆ ಉರಿಸುತ್ತಿತ್ತು. ಹೌದು, ಹೊಟ್ಟೆಕಿಚ್ಚೇ. ಅದಕ್ಕೆ ಬೇರೆ ಹೆಸರು ಕೊಟ್ಟು ಏನು ಪ್ರಯೋಜನ?

ಹೋದ ವರ್ಷ ಆ ಭಾನುವಾರ ಬೆಳಿಗ್ಗೆ ನಾಹಿದ್ ಪರಾಠ, ಖೀಮಾ ಮಾಡಿ ಡಬ್ಬಿಗೆ ತುಂಬಿದ್ದಳು. ಸಾದಿಕ್ ಗಾಡಿ ಒರೆಸುತ್ತಿದ್ದ. ಶಕೀಲಾ ಮಂಚದ ಮೇಲೆ ಕೂತು, ಎಡಗೈಯನ್ನು ಎದೆಯ ಮೇಲಿಟ್ಟು, ಇಲ್ಲೇನೋ ಹಿಡಿದ ಹಾಗೆ ಆಗುತ್ತಿದೆ ಎಂದಳು. ಸಾದಿಕ್ ಗಾಬರಿಯಾಗಿ ಆಟೋ ತರಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಇಸಿಜಿ ತೆಗೆದರು, ಏನೂ ಇಲ್ಲ, ಗ್ಯಾಸ್ ಇರಬಹುದು ಎಂದು ಮಾತ್ರೆ ಕೊಟ್ಟರು. ಮನೆಗೆ ಬಂದ ಮೇಲೆ ಅವನು ದಿನವಿಡೀ ಮಂಚದ ಪಕ್ಕ ಕೂತು ಅವಳ ಕಾಲು ಒತ್ತಿದ. ಬೆಟ್ಟಕ್ಕೆ ಎಂದು ಮಾಡಿದ ಪರಾಠವನ್ನು ಮೂವರೂ ಅಲ್ಲೇ ತಿಂದರು. ಅಷ್ಟು ಸುಖವಾದ ಭಾನುವಾರ ಶಕೀಲಾಳ ಬಾಳಿನಲ್ಲಿ ಬಹಳ ದಿನದಿಂದ ಬಂದಿರಲಿಲ್ಲ. ಅದರ ಮುಂದಿನ ಭಾನುವಾರ ಮಳೆ ಹಿಡಿಯಿತು, ಅದರ ಮುಂದಿನ ವಾರ ಮಂಡಿಯಲ್ಲಿ ಬಿಡುವಾಗಲಿಲ್ಲ, ಹೂ ಮುಗಿಯಿತು.

ಹತ್ತು ತಿಂಗಳಿಗೆ ಅವನೇ ಎದೆ ಹಿಡಿದುಕೊಂಡು ಕೂತ. ತಾನು ಎಲ್ಲಿ ಕೈಯಿಟ್ಟು ತೋರಿಸಿದ್ದಳೋ ಅದೇ ಜಾಗ. ತಾನು ಇಲ್ಲದ ನೋವನ್ನು ಕರೆದಳು, ಅದು ದಾರಿ ತಪ್ಪಿ ಮಗನ ಹತ್ತಿರ ಹೋಯಿತು. ಐದು ಹೊತ್ತಿನ ನಮಾಜಿನಲ್ಲೂ ಅವಳಿಗೆ ಇದೊಂದೇ ಯೋಚನೆ.

ಆದ್ದರಿಂದ ಸೊಸೆ ಹೂವಿನ ಮಾತೆತ್ತಿದಾಗ ಬದನೆಕಾಯಿ ಹೆಚ್ಚುತ್ತಿದ್ದ ಕೈ ನಿಂತುಹೋಯಿತು. ಮರುದಿನ ಬೆಳಿಗ್ಗೆ ತಾನೇ ಬೆಟ್ಟಕ್ಕೆ ಹೋಗುವುದಾಗಿ ಹೇಳಿದಳು. ನಾಹಿದ್ ಬೇಡವೆನ್ನಲಿಲ್ಲ. ಸಾದಿಕ್‌ನ ಮೊಬೈಲನ್ನು ತಂದು ಕೊಟ್ಟಳು. ಗಂಡ ಹೋದ ಮೇಲೂ ಅದನ್ನು ಅವಳು ದಿನಾ ಚಾರ್ಜಿಗೆ ಹಾಕುತ್ತಿದ್ದಳು. ವಿಡಿಯೋ ತೆಗೆಯುವುದು ಹೇಗೆಂದು ಮೂರು ಸಲ ತೋರಿಸಿದಳು. ಈ ಕೆಂಪು ಚುಕ್ಕಿ ಒತ್ತಬೇಕು, ಟಿಣ್ ಅಂದರೆ ಶುರುವಾಯಿತು, ಮತ್ತೆ ಒತ್ತಿದರೆ ನಿಲ್ಲುತ್ತದೆ. ಹೂವಿನ ಕಡೆ ಹಿಡಿದುಕೊಂಡು ನಿಂತರೆ ಸಾಕು. ಶಕೀಲಾ ಪಾಠ ಕಲಿತ ಮಗುವಿನ ಹಾಗೆ ಮೂರು ಸಲ ಒತ್ತಿ ತೋರಿಸಿದಳು.

ಸಾದಿಕ್‌ನ ಜೊತೆ ಓದಿದ ಅಮರನಾಥ್ ಈಗ ಆಟೋ ಓಡಿಸುತ್ತಾನೆ. ಹೋದ ವರ್ಷ ಆಸ್ಪತ್ರೆಗೆ ಕರೆದುಕೊಂಡು ಹೋದದ್ದೂ ಅವನೇ. ಬಂಡೆಗಳ ನಡುವೆ ಸುತ್ತಿ ಸುತ್ತಿ ಆಟೋ ಬೆಟ್ಟದ ಮೇಲಿನ ಊರಿಗೆ ಬಂದು ನಿಂತಿತು. ಅಲ್ಲಿಂದ ಮುಂದೆ ನಡೆಯಬೇಕು. ಜೊತೆಗೆ ಬರುತ್ತೇನೆ ಎಂದ ಅಮರನಾಥನನ್ನು ಅವಳು ಅಲ್ಲೇ ಇರಲು ಹೇಳಿದಳು. ಅವಳಿಗೆ ಒಬ್ಬಳೇ ಹೋಗಬೇಕಾಗಿತ್ತು.

ಊರಿನ ಕೊನೆಯ ಮನೆಯ ಜಗಲಿಯಲ್ಲಿ ವೆಂಕಟರತ್ನಮ್ಮ ಎಂಬ ಹೆಂಗಸು ಅಲಸಂದೆಕಾಳು ಬಿಡಿಸುತ್ತ ಕೂತಿದ್ದಳು. ಶಕೀಲಾಳದೇ ವಯಸ್ಸು. ಬುರ್ಖಾ ಹಾಕಿದ ಹೆಂಗಸು ಒಬ್ಬಳೇ, ಏದುಸಿರು ಬಿಡುತ್ತ ಬರುವುದನ್ನು ನೋಡಿ ಕರೆದು ಕೂರಿಸಿ ಮಜ್ಜಿಗೆ ಕೊಟ್ಟಳು. ಹೂ ನೋಡಲು ಬಂದೆ ಎಂದಾಗ ಅವಳ ಮುಖ ಅರಳಿತು.

"ನಿಮ್ಮೋರೇ ಇಬ್ರು ಬರ್ತಾರಮ್ಮಾ ವರ್ಷಾವರ್ಷ, ಗಂಡ ಹೆಂಡ್ತಿ," ಎಂದಳು. "ಬಂಗಾರದಂಥ ಜೋಡಿ. ಆ ಹುಡ್ಗ ನನ್ನ ಕೂರಿಸ್ಕೊಂಡು ಇದೇನು ಅದೇನು ಅಂತ ಒಂದೊಂದು ಹೂವಿನ ಹೆಸರೂ ಕೇಳ್ತಾನೆ. ನಾನು ತೆಲುಗಲ್ಲಿ ಹೇಳ್ತೀನಿ, ಅವ್ನು ಕನ್ನಡದಲ್ಲಿ ಬರ್ಕೊಳ್ತಾನೆ. ಹೋದ ವರ್ಷ ಯಾಕೋ ಬರ್ಲೇ ಇಲ್ಲ. ಈ ಸಲ ಬರ್ಬೇಕು ನೋಡು."

ಈ ಸಲವೂ ಬರುವುದಿಲ್ಲ ಎಂಬುದನ್ನು ಶಕೀಲಾ ಹೇಳಬೇಕಾಯಿತು. ತಾನು ಯಾರು ಎಂಬುದನ್ನೂ ಹೇಳಿದಳು. ವೆಂಕಟರತ್ನಮ್ಮ ಕೈಯಲ್ಲಿದ್ದ ಕಾಳನ್ನು ಮೊರಕ್ಕೆ ಹಾಕಿ, ಅಯ್ಯೋ ತಲ್ಲೀ ಎಂದು ಅವಳ ಎರಡು ಕೈಯನ್ನೂ ಹಿಡಿದುಕೊಂಡಳು. ಆಮೇಲೆ ಎದ್ದು ಒಂದು ಕೋಲು ತಂದುಕೊಟ್ಟಳು. ಬೇಲಿಯವರೆಗೂ ಬಂದು, ಎಡಕ್ಕೆ ದೊಡ್ಡ ಬಂಡೆ ಬಳಸಿ ಬೆಟ್ಟದ ಬೆನ್ನಿನ ಮೇಲೆಯೇ ನೇರ ಹೋಗಬೇಕೆಂದು ತೋರಿಸಿದಳು. ಹೋದ ವರ್ಷ ಯಾಕೆ ಬರಲಿಲ್ಲ ಎಂದು ಅವಳು ಮತ್ತೆ ಕೇಳಲಿಲ್ಲ. ಕೇಳಿದ್ದರೆ ಶಕೀಲಾ ಅಲ್ಲೇ ಹೇಳಿಬಿಡುತ್ತಿದ್ದಳೇನೋ.

ಕಾಲು ಗಂಟೆಯ ದಾರಿಗೆ ಅವಳು ಒಂದು ಗಂಟೆ ತೆಗೆದುಕೊಂಡಳು. ಎರಡು ಸಲ ಕೂತಳು. ಒಂದು ಕಡೆ ಬಂಡೆ ಇಳಿಯುವಾಗ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಮಕ್ಕಳ ಹಾಗೆ ಕೂತೇ ಜಾರಿದಳು. ಮೊಣಕಾಲು ಬೈದುಕೊಳ್ಳುತ್ತಿತ್ತು, ಅವಳೂ ಅದನ್ನು ತಿರುಗಿ ಬೈದಳು. ದೊಡ್ಡ ಬಂಡೆ ಬಳಸಿ ಆಚೆ ಬಂದದ್ದೇ ಗಾಳಿ ಬಂದು ಮುಖಕ್ಕೆ ಹೊಡೆಯಿತು. ಅವಳು ತಲೆಯೆತ್ತಿ ನೋಡಿದಳು.

ಇಷ್ಟು ಇರುತ್ತದೆ ಎಂದು ಅವಳು ಎಣಿಸಿರಲಿಲ್ಲ. ಬೆಟ್ಟದ ಬೆನ್ನು ಕಣ್ಣು ಹಾಯುವವರೆಗೂ ಹೂವೇ ಹೂ. ಮೊಣಕಾಲೆತ್ತರದ ಹುಲ್ಲಿನ ನಡುವೆ ಅಣ್ಣೆ ಹೂವಿನ ಗುಲಾಬಿ ಬಣ್ಣದ ಕುಚ್ಚುಗಳು ಸಾವಿರಗಟ್ಟಲೆ ಒಟ್ಟಿಗೆ ಬಾಗಿ ಒಟ್ಟಿಗೆ ಏಳುತ್ತಿದ್ದವು. ಬಂಡೆಯ ಬಿರುಕುಗಳಲ್ಲಿ ಬಿಳಿಯ ತುಂಬೆ. ನೆಲಕ್ಕಂಟಿಕೊಂಡು ಉಗುರಿನಷ್ಟು ಚಿಕ್ಕ ನೀಲಿ ಹೂಗಳು, ಕಾಲಿಡಲು ಹೆದರಿಕೆಯಾಗುವಷ್ಟು. ಪೊದೆಗಳ ಮೇಲೆ ಹಬ್ಬಿದ ಬಳ್ಳಿಯಲ್ಲಿ ಗೌರಿ ಹೂ, ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಪು, ಒಲೆಯ ಉರಿಯ ಹಾಗೆ ಮೇಲಕ್ಕೆ ನಿಂತದ್ದು. ಕೆಳಗೆ ದೂರದಲ್ಲಿ ಕೋಲಾರ, ಕೆರೆ, ಮಾರುಕಟ್ಟೆಯ ತಗಡಿನ ಚಾವಣಿಗಳು. ಯಾರೂ ನೆಡದೆ, ಯಾರೂ ನೀರು ಹಾಕದೆ, ಯಾರೂ ಮೊಳ ಹಾಕಿ ಮಾರದೆ ಇಷ್ಟು ಹೂ. ಇದಕ್ಕೆ ತಾನು ಅಡ್ಡ ಬಂದೆನಲ್ಲ ಎಂದುಕೊಂಡಳು.

ಮೊಬೈಲ್ ತೆಗೆದಳು. ಕನ್ನಡಕ ಮನೆಯಲ್ಲೇ ಉಳಿದಿತ್ತು. ಬಿಸಿಲಿಗೆ ಗಾಜಿನಲ್ಲಿ ಬಿಳಿ ಹೊಳಪು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಕೆಂಪು ಚುಕ್ಕಿ ಇದ್ದ ಜಾಗದ ಅಂದಾಜಿನ ಮೇಲೆ ಅಲ್ಲಿ ಇಲ್ಲಿ ಎರಡು ಮೂರು ಕಡೆ ಒತ್ತಿದ ಮೇಲೆ ಟಿಣ್ ಎಂದಿತು. ಎರಡೂ ಕೈಯಲ್ಲಿ ಅದನ್ನು ಮುಖದ ಎತ್ತರಕ್ಕೆ ಹಿಡಿದು, ಹೂವಿನ ಕಡೆ ತಿರುಗಿ ನಿಂತಳು. ನೋಡು ನಾಹಿದ್, ಇದು ಗೌರಿ ಹೂ, ಇಲ್ಲಿ ನೀಲಿಯದು ನೋಡು, ಎಂದು ತೋರಿಸುತ್ತ ನಿಧಾನವಾಗಿ ತಿರುಗಿದಳು. ಒಂದು ಜೇನು ಬಂದು ತೋಳಿನ ಮೇಲೆ ಕೂತದ್ದಕ್ಕೆ ನಕ್ಕಳು. ಆಮೇಲೆ ಅವಳು ನಾಹಿದ್‌ಳನ್ನೂ ಮರೆತಳು, ಕೈಯಲ್ಲಿ ಮೊಬೈಲ್ ಇದ್ದದ್ದನ್ನೂ ಮರೆತಳು.

"ಸಾದಿಕ್, ಹೋದ ವರ್ಷ ನಂಗೆ ಎದೆನೋವು ಬಂದಿರ್ಲಿಲ್ಲ ಕಣೋ," ಎಂದಳು. "ಸುಳ್ಳು ಹೇಳ್ದೆ. ನೀವಿಬ್ರೂ ನನ್ನ ಬಿಟ್ಟು ಹೋಗ್ಬಾರ್ದು ಅಂತ ಹೇಳ್ದೆ. ಆ ನೋವು ನನ್ನ ಬಾಯಲ್ಲಿ ಇತ್ತು ಅಷ್ಟೇ. ಅಲ್ಲಾ ಅದನ್ನ ತಗೊಂಡು ನಿನ್ನ ಎದೆಗೆ ಹಾಕ್ಬಿಟ್ಟ. ನಂಗೇ ಕೊಡ್ಬೇಕಾಗಿತ್ತು. ನಾನೇ ಕೇಳಿದ್ದು, ನಂಗೇ ಕೊಡ್ಬೇಕಾಗಿತ್ತು."

ಗಾಳಿ ಬೀಸುತ್ತಿತ್ತು. ಹೂಗಳು ಬಾಗಿ ಏಳುತ್ತಿದ್ದವು. ಬಹಳ ಹೊತ್ತಾದ ಮೇಲೆ ತೋಳು ಸೋತು, ನೆನಪಾಗಿ, ಚುಕ್ಕಿಯನ್ನು ಮತ್ತೆ ಒತ್ತಿದಳು. ಹೂ ಒಂದನ್ನೂ ಕೀಳಲಿಲ್ಲ. ಕಿತ್ತರೆ ಕೆಳಗಿಳಿಯುವಷ್ಟರಲ್ಲಿ ಬಾಡುತ್ತದೆ ಎಂದು ಸಾದಿಕ್ ಹೇಳುತ್ತಿದ್ದುದು ಅವಳಿಗೆ ನೆನಪಿತ್ತು.

ಇಳಿಯುವ ದಾರಿಯಲ್ಲಿ ಅಮರನಾಥ್ ಆಟೋ ನಿಲ್ಲಿಸಿ ತನ್ನ ಮಗಳು ಕಳಿಸಿದ ವಿಡಿಯೋ ಒಂದನ್ನು ನೋಡಿದ. ಹುಡುಗಿ ಶಾಲೆಯ ಪದ್ಯವನ್ನು ಗಟ್ಟಿಯಾಗಿ ಹೇಳುತ್ತಿದ್ದಳು. ಹಿಂದಿನ ಸೀಟಿನಲ್ಲಿದ್ದ ಶಕೀಲಾ ಮುಂದಕ್ಕೆ ಬಾಗಿ ಅವನ ಮೊಬೈಲನ್ನೇ ನೋಡಿದಳು. ವಿಡಿಯೋದಲ್ಲಿ ಮಾತೂ ಬರುತ್ತದೆ ಎಂಬುದು ಅವಳಿಗೆ ಗೊತ್ತಿಲ್ಲದ ವಿಷಯವೇನಲ್ಲ, ಆದರೆ ಬೆಟ್ಟದ ಮೇಲೆ ಅದು ತಲೆಗೆ ಹೊಳೆದಿರಲಿಲ್ಲ.

ತನ್ನ ಕೈಯಲ್ಲಿದ್ದ ಮೊಬೈಲ್ ತೋರಿಸಿ, ಇದರಲ್ಲಿ ಮಾತನ್ನು ಮಾತ್ರ ತೆಗೆದುಹಾಕಲು ಆಗುತ್ತದೆಯೇ ಎಂದು ಕೇಳಿದಳು. ಅವನಿಗೆ ಅದೆಲ್ಲ ಬಾರದು, ಬೇಕಾದರೆ ವಿಡಿಯೋವನ್ನೇ ಅಳಿಸಿಬಿಡಬಹುದು ಎಂದ.

"ಅಳಿಸಿದ್ರೆ ಹೂವೂ ಹೋಗುತ್ತಾ?"

"ಎಲ್ಲಾ ಹೋಗುತ್ತಮ್ಮಾ. ಕೊಡಿ, ಅಳಿಸ್ಲಾ?"

ಅವನು ಕೈ ಚಾಚಿದ. ಶಕೀಲಾ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಳು. ಒಂದು ಸಲ ತಾನು ಈ ಹುಡುಗಿಯ ಹೂ ತಪ್ಪಿಸಿದ್ದಾಗಿದೆ, ಎರಡನೆಯ ಸಲ ತಪ್ಪಿಸಿದರೆ ದೇವರಿಗೂ ಮುಖ ತೋರಿಸಲಾಗದು. ಸೊಸೆ ಕೇಳಲಿ. ಕೇಳಿ, ನವೆಂಬರ್‌ವರೆಗೂ ಕಾಯದೆ ಇವತ್ತೇ ಅಣ್ಣನಿಗೆ ಫೋನ್ ಮಾಡಲಿ. ಬೇಡಪ್ಪ, ನಡಿ ಎಂದಳು.

ನಾಹಿದ್ ಬಾಗಿಲ ಹಿಂದೆಯೇ ಕಾಯುತ್ತಿದ್ದಳು. ಹೂ ಬಂದಿತ್ತಾ ಎಂದು ಕೇಳಿದಳು. ಬಂದಿತ್ತು, ತುಂಬ ಬಂದಿತ್ತು ಎಂದು ಶಕೀಲಾ ಮೊಬೈಲನ್ನು ಅವಳ ಕೈಗೆ ಕೊಟ್ಟು, ಬುರ್ಖಾ ಕೂಡ ತೆಗೆಯದೆ ಅಡುಗೆಮನೆಗೆ ಹೋದಳು. ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ನಲ್ಲಿಯ ಕೆಳಗೆ ಹಾಕಿ ಸದ್ದು ಮಾಡುತ್ತ ತೊಳೆಯತೊಡಗಿದಳು. ಆದರೂ ಒಳಕೋಣೆಯಿಂದ ಗಾಳಿಯ ಶಬ್ದ ಕೇಳಿಸಿತು, ತನ್ನ ನಗು ಕೇಳಿಸಿತು, ಆಮೇಲೆ ಸಾದಿಕ್ ಎಂದು ತಾನು ಕರೆದದ್ದು ಕೇಳಿಸಿತು. ನಲ್ಲಿಯನ್ನು ಇನ್ನೂ ಜೋರಾಗಿ ಬಿಟ್ಟಳು. ಮುಗಿಯಿತು ಎಂದುಕೊಂಡರೆ ಗಾಳಿಯ ಶಬ್ದ ಮತ್ತೆ ಮೊದಲಿನಿಂದ ಶುರುವಾಯಿತು. ನಾಹಿದ್ ಅದನ್ನು ಎರಡನೆಯ ಸಲ ನೋಡುತ್ತಿದ್ದಳು. ಆಮೇಲೆ ಮೂರನೆಯ ಸಲ. ಕೊನೆಗೆ, ಅಮ್ಮಿ, ಇಲ್ಲಿ ಬನ್ನಿ ಎಂದು ಕರೆದಳು.

ಶಕೀಲಾ ಒದ್ದೆ ಕೈಯಲ್ಲೇ ಹೋಗಿ ಚಾಪೆಯ ತುದಿಯಲ್ಲಿ ಕೂತಳು. ನಾಹಿದ್ ಕನ್ನಡಕ ತಂದುಕೊಟ್ಟು ಮೊಬೈಲನ್ನು ಅವಳ ಮುಂದೆ ಹಿಡಿದಳು. ಅದರಲ್ಲಿ ಒಂದೇ ಒಂದು ಹೂವೂ ಇರಲಿಲ್ಲ. ಮೊದಲಿನಿಂದ ಕೊನೆಯವರೆಗೂ ಶಕೀಲಾಳದೇ ಮುಖ, ಹಿಂದೆ ಆಕಾಶ. ಎಲ್ಲೆಲ್ಲೋ ಒತ್ತಿದ್ದರಲ್ಲಿ ಕ್ಯಾಮೆರಾ ಅವಳ ಕಡೆಗೇ ತಿರುಗಿಕೊಂಡಿತ್ತು. ಇದನ್ನು ಉಳಿಸುವುದಕ್ಕಾಗಿ ತಾನು ಆ ಮಾತನ್ನೂ ಉಳಿಸಿಕೊಂಡು ಬಂದೆನೇ ಎಂದು ಅವಳಿಗೆ ನೆಲಕ್ಕಿಳಿದು ಹೋದ ಹಾಗಾಯಿತು. ಮುಟ್ಠಾಳಿ ನಾನು, ನಾಳೆ ಮತ್ತೆ ಹೋಗುತ್ತೇನೆ, ಸರಿಯಾಗಿ ತೆಗೆಯುತ್ತೇನೆ ಎಂದು ತೊದಲಿದಳು.

ನಾಹಿದ್ ತಲೆಯಾಡಿಸಿದಳು. ಒಂದು ಕಡೆ ಅದನ್ನು ನಿಲ್ಲಿಸಿದಳು. ಅತ್ತೆ ಹೂ ನೋಡುತ್ತ ಮೈಮರೆತ ಗಳಿಗೆ, ಬಾಯಿ ಅರ್ಧ ತೆರೆದು, ಹುಬ್ಬು ಮೇಲೇರಿ.

"ಅವರೂ ಹೀಗೇ ನೋಡ್ತಿದ್ರು," ಎಂದಳು. "ಇದೇ ಬಾಯಿ, ಇದೇ ಹುಬ್ಬು. ನಾನು ಬೆಟ್ಟಕ್ಕೆ ಹೋದ್ರೆ ಹೂವಿಗಿಂತ ಜಾಸ್ತಿ ಇದನ್ನೇ ನೋಡ್ತಿದ್ದೆ."

ಮೊಬೈಲಿನಲ್ಲಿದ್ದ ಆ ಮುಖವನ್ನು ಶಕೀಲಾ ಬೇರೆಯವರದೆಂಬಂತೆ ನೋಡಿದಳು. ಮಗ ತನ್ನನ್ನು ಹೋಲುತ್ತಾನೆ ಎಂದು ಎಲ್ಲರೂ ಹೇಳುತ್ತಿದ್ದರು. ಎಲ್ಲಿ ಹೋಲುತ್ತಾನೆ ಎಂದು ಅವಳಿಗೆ ಇವತ್ತಿನವರೆಗೂ ಕಂಡಿರಲಿಲ್ಲ. ಧೈರ್ಯ ತಂದುಕೊಂಡು, ನಾನು ಹೇಳಿದ್ದು ಕೇಳಿಸಿತೇ ಎಂದಳು.

"ಕೇಳಿಸ್ತು."

ಶಕೀಲಾ ತಲೆ ತಗ್ಗಿಸಿ ಕಾದಳು. ಬೈಗುಳಕ್ಕಾದರೆ ಅವಳು ತಯಾರಾಗಿದ್ದಳು. ನಾಹಿದ್ ಸೆರಗಿನ ತುದಿಯಿಂದ ಮೊಬೈಲಿನ ಗಾಜು ಒರೆಸಿದಳು, ಒರೆಸುತ್ತಲೇ ಇದ್ದಳು.

"ಅವರಿಗೆ ಅವತ್ತೇ ಗೊತ್ತಿತ್ತು ಅಮ್ಮಿ," ಎಂದಳು ಕೊನೆಗೆ. "ನೀವು ಪರಾಠ ತಿಂದ್ರಲ್ಲ, ಆಗ. ಅಡುಗೆಮನೆಗೆ ಬಂದು ಬಾಯಿಗೆ ಟವೆಲ್ ಇಟ್ಕೊಂಡು ನಕ್ರು. ಎದೆನೋವಿನವಳು ಮೂರು ಪರಾಠ ತಿಂತಾಳಾ, ಅಂದ್ರು. ನಂಗೆ ಕೋಪ ಬಂದಿತ್ತು. ಹೋಗಿ ಕೇಳ್ರಿ ಅಂದೆ. ಕೇಳೋದ್ ಬೇಡ, ನಾಚ್ಕೊಳ್ತಾಳೆ ಅಂದ್ರು."

ಆ ಭಾನುವಾರ ಶಕೀಲಾಳ ಕಣ್ಣ ಮುಂದೆ ಮತ್ತೆ ಬಂತು. ಅವನು ಅಡುಗೆಮನೆಯಿಂದ ಬಂದು ಮಂಚದ ಪಕ್ಕ ಕೂತದ್ದು, ಅವಳ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡದ್ದು, ಸಂಜೆಯವರೆಗೂ ಒತ್ತಿದ್ದು. ಗೊತ್ತಿದ್ದೂ ಒತ್ತಿದ. ಈಗ ಹೇಗಿದೆ ಅಮ್ಮಿ ಎಂದು ಕೇಳಿ ಕೇಳಿ ಒತ್ತಿದ. ಸ್ವಲ್ಪ ಪರವಾಗಿಲ್ಲ ಬೇಟಾ ಎಂದು ಅವಳು ನರಳಿ ನರಳಿ ಹೇಳಿದ್ದಳು.

"ಮುಂದಿನ ವರ್ಷ ಅಮ್ಮಿನೂ ಕರ್ಕೊಂಡು ಹೋಗೋಣ ಅಂದ್ರು," ಎಂದಳು ನಾಹಿದ್. "ಎತ್ಕೊಂಡಾದ್ರೂ ಹೋಗೋಣ, ಇಲ್ದಿದ್ರೆ ಮತ್ತೆ ಎದೆನೋವು ಬರುತ್ತೆ ಅಂದ್ರು."

ಶಕೀಲಾ ಎಡಗೈಯನ್ನು ಎದೆಯ ಮೇಲಿಟ್ಟುಕೊಂಡು ಗೋಡೆಗೆ ಒರಗಿದಳು. ಈ ಸಲ ನಿಜವಾಗಿ ನೋಯುತ್ತಿತ್ತು, ಆದರೆ ಯಾರಿಗೂ ಹೇಳಲಿಲ್ಲ. ನಾಹಿದ್ ಕಣ್ಣು ಒರೆಸಿಕೊಂಡು ಹತ್ತಿರ ಸರಿದಳು. ಬೆಟ್ಟದ ಮಣ್ಣು ಇನ್ನೂ ಅಂಟಿದ್ದ ಅತ್ತೆಯ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು ಒತ್ತತೊಡಗಿದಳು.